ನಾಚಿಕೆಯ ನಕ್ಷೆ

ದಾಕ್ಷಾಯಣಿಯನ್ನು ಗುರುಶಾಂತನ ಮನೆಯವರು ಒಪ್ಪಿದ್ದೇ ಅವಳ ನಾಚಿಕೆಗೆ. ಹೆಣ್ಣು ನೋಡಲು ಹುಬ್ಬಳ್ಳಿಯಿಂದ ನರಗುಂದಕ್ಕೆ ಹೋದ ದಿನ ಅವಳು ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬಂದಳು. ಗುರುಶಾಂತನ ತಾಯಿ ಬಸಲಿಂಗವ್ವ ಹೆಸರು ಕೇಳಿದಳು. ಉತ್ತರ ಕೊಡಲು ಬಾಯಿ ತೆರೆದ ಹುಡುಗಿ ಹಾಗೇ ನಿಂತುಬಿಟ್ಟಳು. ಮುಖ ಕಿವಿಯ ತನಕ ಕೆಂಪಾಯಿತು, ಎಡಗೈ ಸೆರಗನ್ನು ಹಣೆಯ ಮೇಲಕ್ಕೆ ಎಳೆಯಿತು, ನೆಲ ನೋಡುತ್ತ ಸಣ್ಣ ದನಿಯಲ್ಲಿ "ತಪ್ಪಾತ್ರಿ" ಅಂದಳು. ಏನು ತಪ್ಪಾಯಿತು ಎಂದು ಯಾರೂ ಕೇಳಲಿಲ್ಲ. ಇಂಥ ಮರ್ಯಾದಸ್ತ ಹುಡುಗಿ ಈಗಿನ ಕಾಲದಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದು ಬಸಲಿಂಗವ್ವ ಬಸ್ಸು ಹುಬ್ಬಳ್ಳಿ ಮುಟ್ಟುವವರೆಗೂ ಹೇಳಿದಳು.

ಅದು ನಾಚಿಕೆಯಲ್ಲ, ಮೂರ್ಛೆರೋಗ ಎಂದು ಆ ಮನೆಗೆ ತಿಳಿಯುವಷ್ಟರಲ್ಲಿ ಅರ್ಧ ಸಂಸಾರ ಕಳೆದುಹೋಗಿತ್ತು. ತಪ್ಪು ಅವರೊಬ್ಬರದೇ ಅಲ್ಲ. ನಮ್ಮಲ್ಲಿ ಹೆಣ್ಣುಮಗಳು ತಲೆ ಎತ್ತಿ ಮಾತಾಡಿದರೆ ಇವಳಿಗೇನಾಗಿದೆ ಎಂದು ಮನೆಮಂದಿ ಚಿಂತೆಗೆ ಬೀಳುತ್ತಾರೆ; ತಲೆ ತಗ್ಗಿಸಿ ತಪ್ಪಾಯಿತು ಅಂದರೆ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಕೆಲವು ರೋಗಿಗಳಿಗೆ ಫಿಟ್ಸ್ ಬರುವ ಮುಂಚೆ ಏನೋ ಸುಟ್ಟ ವಾಸನೆ ಬರುತ್ತದೆ, ಕೆಲವರಿಗೆ ಕಾರಣವಿಲ್ಲದೆ ಭಯವಾಗುತ್ತದೆ. ದಾಕ್ಷಾಯಣಿಗೆ ಬರುತ್ತಿದ್ದದ್ದು ನಾಚಿಕೆ. ಹತ್ತು ಜನ ನೋಡುತ್ತಿರುವಾಗ ಮಾಡಬಾರದ್ದೇನೋ ಮಾಡಿಬಿಟ್ಟೆ ಅನ್ನುವ ನಾಚಿಕೆ ಹೊಟ್ಟೆಯಿಂದೆದ್ದು ಗಂಟಲಿಗೆ ಬರುತ್ತಿತ್ತು. ಅದರ ಬೆನ್ನಿಗೇ ಸೆರಗು, 'ತಪ್ಪಾತು', ಒಂದು ಗಳಿಗೆ ಎಲ್ಲಿಯೋ ನೆಟ್ಟ ನೋಟ. ಆಮೇಲೆ ಏನೂ ಆಗದವಳಂತೆ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ನಿದ್ದೆ ಕೆಟ್ಟರೆ, ಮನಸ್ಸು ಕಲಕಿದರೆ ಅದು ಬರುವುದು ಜಾಸ್ತಿ. ಹಾಗಾಗಿ ಜಗಳದಲ್ಲಿ ಬರದೆ ಇರುತ್ತಿರಲಿಲ್ಲ.

ಗುರುಶಾಂತ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವನು. ಕೆಟ್ಟವನಲ್ಲ. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಮಾತಿಗೆ ಮಾತು ಬೆಳೆದರೆ ಅರ್ಧದಲ್ಲೇ ಅವಳು ತಪ್ಪಾತು ಅನ್ನುತ್ತಿದ್ದಳು, ಇವನು ಹೋಗಲಿ ಬಿಡು ಅನ್ನುತ್ತಿದ್ದ. ಕ್ಷಮಿಸುವುದರಲ್ಲಿ ತನ್ನ ಕೈ ದೊಡ್ಡದು ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಗೆಳೆಯರು ಮನೆಯ ಕಿರಿಕಿರಿ ಹೇಳಿಕೊಂಡಾಗ, ನನ್ನ ಮನೆಯಲ್ಲಿ ಆ ತ್ರಾಸಿಲ್ಲ ಎಂದು ಮೀಸೆಯಲ್ಲೇ ನಗುತ್ತಿದ್ದ.

ರೋಗ ತನ್ನ ನಿಜವಾದ ಮುಖ ತೋರಿಸಿದ್ದು ಒಂದು ಬೆಳಗ್ಗೆ, ಒಲೆಯ ಮುಂದೆ. ಸೆರಗು ಎಳೆದುಕೊಂಡು ತಪ್ಪಾತು ಅಂದವಳು ಅಲ್ಲಿಗೆ ನಿಲ್ಲದೆ ಬಿರುಸಾಗಿ ಸೆಟೆದು ಕಾದ ಹಂಚಿನ ಮೇಲೆ ಬಿದ್ದಳು. ಮುಂಗೈ ಸುಟ್ಟಿತು. ಗುಳಿಗೆಗಳು ಬಂದವು, ಬದಲಾದವು, ಹೆಚ್ಚಾದವು. ಫಿಟ್ಸ್ ಕೇಳಲಿಲ್ಲ. ಈಗೀಗ ನಿದ್ದೆಯಲ್ಲಿ ಬಂದು ಉಸಿರು ಹಿಡಿಯತೊಡಗಿತ್ತು. ಹೀಗೇ ಬಿಟ್ಟರೆ ಒಂದು ಬೆಳಗ್ಗೆ ಏಳದೆ ಹೋಗಬಹುದು, ತಲೆ ತೆರೆದು ರೋಗದ ಜಾಗ ತೆಗೆಯುವುದೊಂದೇ ದಾರಿ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆ ಆಸ್ಪತ್ರೆಗೆ ಆಗಷ್ಟೇ 'ಜಾಳಿಗಿ' ಬಂದಿತ್ತು. ಕಾಗದದ ಮೇಲೆ ಅದರ ಹೆಸರು ಮೊಳದುದ್ದ; ವಾರ್ಡಿನವರು ಇಟ್ಟ ಹೆಸರು ಜಾಳಿಗಿ. ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳುವಾದ ಹಾಳೆ. ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ಲೋಹದ ಚುಕ್ಕೆಗಳು. ಬುರುಡೆ ತೆರೆದು ಮಿದುಳಿನ ಮೇಲೆ ಹಾಸಿದರೆ ಒಂದೊಂದು ಚುಕ್ಕೆಯೂ ತನ್ನ ಕೆಳಗಿನ ಜೀವಕೋಶಗಳ ಗುಸುಗುಸು ಕೇಳಿಸಿಕೊಳ್ಳುತ್ತದೆ. ಫಿಟ್ಸ್ ಹುಟ್ಟುವ ಜಾಗ ಫಿಟ್ಸ್ ಇಲ್ಲದ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ, ಅತಿ ವೇಗದ ಸಣ್ಣ ನಡುಕವೊಂದು ಅಲ್ಲಿ ಇದ್ದೇ ಇರುತ್ತದೆ. ಅಂಥ ಜಾಗ ಪರದೆಯ ಮೇಲೆ ಕೆಂಪಾಗಿ ಕಾಣುತ್ತದೆ. ಇಷ್ಟು ಕೆಲಸ ಹಳೆಯ ಯಂತ್ರಗಳೂ ಮಾಡುತ್ತಿದ್ದವು. ಆರೋಗ್ಯವಾದ ಜಾಗ ಆ ಗಳಿಗೆ ಏನು ಮಾಡುತ್ತಿದೆ ಎಂಬುದನ್ನು ಹಸಿರಿನಲ್ಲಿ ತೋರಿಸುವುದು ಜಾಳಿಗಿಯ ಹೆಚ್ಚುಗಾರಿಕೆ. ಮಾತು, ಬೆರಳಿನ ಚಲನೆ ಮಾತ್ರವಲ್ಲ. ಭಯ, ಅಕ್ಕರೆ, ನಾಚಿಕೆ ಕೂಡ.

ಗುರುಶಾಂತನಿಗೆ ಇದು ಬೇಗ ಅರ್ಥವಾಯಿತು. ಮೋಟಾರಿನಿಂದ ಸುಟ್ಟ ತಂತಿಯ ಕಾಯಿಲು ತೆಗೆಯುವಾಗ ಪಕ್ಕದ ಒಳ್ಳೆಯ ಕಾಯಿಲಿಗೆ ಕತ್ತರಿ ತಾಗಬಾರದು, ಅಷ್ಟೇ ಅಲ್ಲವೇ. ಅಷ್ಟೇ, ಎಂದರು ಡಾಕ್ಟರ್ ಅಮೀನಾ ನದಾಫ್. ಅವರು ಮನಶ್ಶಾಸ್ತ್ರದವರು, ಚಾಕು ಹಿಡಿಯುವವರಲ್ಲ. ಆಪರೇಷನ್ ನಡೆಯುವಾಗ ರೋಗಿಯ ಪಕ್ಕ ಕೂತು ಮಾತಾಡಿಸುವುದು ಅವರ ಕೆಲಸ.

ಆಪರೇಷನ್‌ಗೆ ಮುಂಚೆ ಕೆಲವು ದಿನ ಅವಳನ್ನು ಬರೀ ನೋಡುತ್ತ ಇಟ್ಟುಕೊಂಡರು. ತಲೆಗೆ ಕೂದಲೆಳೆಯಂಥ ತಂತಿಗಳನ್ನು ಇಳಿಸಿ, ಹಾಸಿಗೆಯ ಪಕ್ಕದ ಡಬ್ಬಿಗೆ ಜೋಡಿಸಿದರು. ಮಿದುಳಿನಲ್ಲಿ ಫಿಟ್ಸ್ ಎದ್ದರೆ ಡಬ್ಬಿಯ ಮೇಲಿನ ದೀಪ ಕೆಂಪಗೆ ಹತ್ತುತ್ತದೆ. ಗುರುಶಾಂತ ಜೊತೆಗಿದ್ದ. ಎರಡನೆಯ ದಿನ ಚಹಾದ ಥರ್ಮಾಸಿನ ಬಗ್ಗೆ ಮಾತು ಬಂತು. ಮುಚ್ಚಳ ಸರಿ ಹಾಕಿಲ್ಲ, ಚಹಾ ಆರಿದೆ ಎಂದು ಇವನು ಗೊಣಗಿದ. ಮುಚ್ಚಿದ್ದು ನೀವೇ ಎಂದು ಅವಳು ಹೇಳಿದಳು. ಇವನು ದನಿ ಏರಿಸಿದ. ಅವಳ ಕೈ ಸೆರಗಿಗೆ ಹೋಯಿತು. "ತಪ್ಪಾತ್ರಿ" ಅಂದಳು. ಹೋಗಲಿ ಬಿಡು ಅನ್ನಲು ಇವನು ಬಾಯಿ ತೆರೆಯುವಷ್ಟರಲ್ಲಿ ದೀಪ ಹತ್ತಿತು. ಅಮೀನಾ ಮತ್ತು ಇಬ್ಬರು ನರ್ಸುಗಳು ಓಡಿ ಬಂದರು.

ಏನೂ ಆಗಿಲ್ಲ ಎಂದು ಗುರುಶಾಂತ ಸಮಜಾಯಿಷಿ ಕೊಟ್ಟ. ಫಿಟ್ಸ್ ಬಂದಿಲ್ಲ, ಅವಳು ತಪ್ಪಾತು ಅಂದಳು ಅಷ್ಟೇ.

ಅಮೀನಾ ಪರದೆಯ ಗೆರೆಗಳನ್ನು ನೋಡುತ್ತ ಹೇಳಿದರು: "ಅದ ಫಿಟ್ಸ್ ರೀ. ಆ ಮಾತು ಬಾಯಾಗಿಂದ ಬರೂದಕ್ಕಿಂತ ಮೊದಲ ಶುರುವಾಗೇತಿ, ನೋಡ್ರಿ ಇಲ್ಲೆ."

ಆ ವಾರ ದೀಪ ಮತ್ತೆ ಮತ್ತೆ ಹತ್ತಿತು. ಅವಳು ಇವನಿಗೆ ತಪ್ಪಾತು ಅಂದಾಗಲೆಲ್ಲ ಹತ್ತಿತು. ಒಂದು ಸಲವೂ ತಪ್ಪಲಿಲ್ಲ. ಗುರುಶಾಂತ ಕೊನೆಕೊನೆಗೆ ಅವಳ ಮುಖ ನೋಡುವುದು ಬಿಟ್ಟು ಡಬ್ಬಿ ನೋಡುತ್ತಿದ್ದ. ದೀಪ ಹತ್ತದೆ ಹೋದದ್ದು ಒಮ್ಮೆ ಮಾತ್ರ: ಬಚ್ಚಲಿಗೆ ಹೋಗಿ ಬರುವಾಗ, ಕಸಗುಡಿಸುವಾಕೆ ಆಗಷ್ಟೇ ಒರೆಸಿದ್ದ ನೆಲದ ಮೇಲೆ ಕಾಲಿಟ್ಟು "ತಪ್ಪಾತು ಬೇ" ಅಂದಿದ್ದಳು. ಅದು ಅವಳದೇ ಮಾತು. ಅಮೀನಾಗೆ ಖುಷಿಯಾಯಿತು, ಒಳ್ಳೆಯ ನಾಚಿಕೆ ಇವಳಲ್ಲಿ ಬೇರೆ ಇದೆ, ಅದಕ್ಕೆ ಬೇರೆ ಜಾಗವಿದೆ ಎಂದರು. ಗುರುಶಾಂತನಿಗೆ ಆಗಲಿಲ್ಲ. ಇಷ್ಟು ವರ್ಷ ತಾನು ಕೂಡಿಟ್ಟ ಕ್ಷಮೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ಅವಳು ಅವನಿಗೆ ಎಂದೂ ಸೋತಿರಲೇ ಇಲ್ಲ. ಅರ್ಧ ಮಾತಿನಲ್ಲಿ ಕರೆಂಟು ಹೋದಂತೆ ನಿಲ್ಲುತ್ತಿದ್ದಳು, ಇವನು ಗೆದ್ದೆ ಅಂದುಕೊಳ್ಳುತ್ತಿದ್ದ. ಅವನಿಗೆ ಥೂ ಅನ್ನಿಸಿತು.

ಕಷ್ಟ ಎಲ್ಲಿತ್ತೆಂದರೆ, ಎರಡು ನಾಚಿಕೆಗಳೂ ಅಕ್ಕಪಕ್ಕದಲ್ಲೇ ಮನೆ ಮಾಡಿದ್ದವು. ಕೆಂಪು ಜಾಗ ಎಲ್ಲಿ ಮುಗಿಯುತ್ತದೆ, ಹಸಿರು ಎಲ್ಲಿ ಶುರುವಾಗುತ್ತದೆ ಎಂದು ತಂತಿಗಳಿಂದ ತಿಳಿಯುವಂತಿರಲಿಲ್ಲ. ಅಂದಾಜಿನ ಮೇಲೆ ಕೊಯ್ದರೆ ಎರಡರಲ್ಲೊಂದು: ಕಡಿಮೆ ತೆಗೆದರೆ ಫಿಟ್ಸ್ ಉಳಿಯುತ್ತದೆ, ಹೆಚ್ಚು ತೆಗೆದರೆ ಅವಳು ಬದುಕುತ್ತಾಳೆ, ಆದರೆ ತಪ್ಪು ಮಾಡಿದರೂ ತಪ್ಪು ಅನ್ನಿಸದವಳಾಗಿ ಬದುಕುತ್ತಾಳೆ. ಹಾಗೆ ಬದುಕುವವರು ಊರಲ್ಲಿ ಬೇಕಾದಷ್ಟು ಜನರಿದ್ದಾರಲ್ಲ, ಅವರಿಗೇನಾಗಿದೆ ಎಂದು ಸರ್ಜನ್ ಪ್ರಭಂಜನ ನಗೆಚಾಟಿಕೆ ಮಾಡಿದರು. ದಾಕ್ಷಾಯಣಿ ನಗಲಿಲ್ಲ.

"ಫಿಟ್ಸಿಂದು ತಗೀರಿ ಸರ. ನಂದು ಅಂತ ಇರೂ ನಾಚಿಕಿ ಮಾತ್ರ ಮುಟ್ಟಬ್ಯಾಡ್ರಿ. ಅದರಿಂದ ನನಗ ಒಂದು ಕೆಲಸ ಐತಿ" ಎಂದಳು.

ಏನು ಕೆಲಸ ಎಂದು ಪ್ರಭಂಜನರು ಕೇಳಿದರು. ಅವಳು ಗಂಡನತ್ತ ನೋಡಿದಳು, ಏನೋ ಹೇಳಲು ಹೋದಳು, ಕೈ ಸೆರಗಿಗೆ ಹೋಯಿತು. ದೀಪ ಹತ್ತಿತು.

ಹಸಿರಿನ ಗಡಿ ಗುರುತಿಸಲು ಇದ್ದದ್ದು ಒಂದೇ ಉಪಾಯ. ಮಾತಿನ ಜಾಗ ಉಳಿಸಬೇಕಾದಾಗ ರೋಗಿಯನ್ನು ಎಚ್ಚರವಾಗಿಟ್ಟು ಚಿತ್ರಗಳ ಹೆಸರು ಹೇಳಿಸುತ್ತಾರೆ. ಮಿದುಳಿಗೆ ನೋವಿಲ್ಲ, ಹಾಗಾಗಿ ಅದು ಸಾಧ್ಯ. ನಾಚಿಕೆಯ ಜಾಗ ಉಳಿಸಬೇಕಾದರೆ ಅವಳಿಗೆ ನಿಜವಾಗಿ ನಾಚಿಕೆಯಾಗಬೇಕು. ತಲೆ ತೆರೆದ ಹೆಂಗಸನ್ನು ಮೇಜಿನ ಮೇಲೆ ಮಲಗಿಸಿಕೊಂಡು ಅವಮಾನ ಮಾಡಬೇಕು. ಇದು ತಮಗೂ ಹೇಸಿಗೆಯ ಕೆಲಸ ಎಂದು ಅಮೀನಾ ಮುಚ್ಚುಮರೆಯಿಲ್ಲದೆ ಹೇಳಿದರು. ಮನಸ್ಸಿಗೆ ಚುಚ್ಚುವ ಮಾತು ಕೇಳಬೇಕಾಗುತ್ತದೆ ಎಂದು ದಾಕ್ಷಾಯಣಿಗೂ ತಿಳಿಸಿದರು. ಅವಳು ಒಪ್ಪಿದಳು. ಏನು ಮಾತು ಎಂಬುದು ಮಾತ್ರ ಅವಳಿಗೆ ಮೊದಲೇ ಗೊತ್ತಿರಬಾರದು. ಅದಕ್ಕೆ ಅಮೀನಾ ತಾಯಿ ಮಗ ಇಬ್ಬರನ್ನೂ ಕೋಣೆಗೆ ಕರೆದು, ಇವಳಿಗೆ ಯಾವುದರಿಂದ ಹೆಚ್ಚು ನಾಚಿಕೆಯಾಗುತ್ತದೆ ಎಂದು ಕೇಳಿದರು.

ಬಸಲಿಂಗವ್ವ ತಡವರಿಸಿದಳು. ಆಕೆಗೆ ಎಲ್ಲದಕ್ಕೂ ನಾಚಿಕೆ ಅಂದಳು. ಎಲ್ಲದಕ್ಕೂ ಅಂದರೆ ಯಾವುದಕ್ಕೂ ಅಲ್ಲ ಎಂದು ಅಮೀನಾ ಕಾಯುತ್ತ ಕೂತರು. ಗುರುಶಾಂತನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಅದನ್ನು ಹೇಳಿದರೆ ಹೇಸಿಗೆ, ಬಿಟ್ಟರೆ ಹೆಂಡತಿಯ ಜೀವ. ಹಾಗೆಂದು ತನಗೆ ತಾನೇ ಹೇಳಿಕೊಂಡು ಆ ಮಾತನ್ನು ಹೊರಗೆ ಹಾಕಿದ. ತನ್ನ ತಂಗಿಯ ಮದುವೆಯ ದಿನ ಮದುಮಗಳ ಗುಂಡಿನ ಸರ ಕಳೆಯಿತು. ಮನೆಯಲ್ಲಿ ಎಲ್ಲರನ್ನೂ ಕೇಳಿದರು. ದಾಕ್ಷಾಯಣಿಯನ್ನು ಕೇಳಿದಾಗ ಅವಳು ಬೀಗರ ಮುಂದೆಯೇ ಸೆರಗೆಳೆದು ತಪ್ಪಾತು ಅಂದಳು.

ಅವಳೇ ಕದ್ದಿದ್ದಳೇ ಎಂದು ಅಮೀನಾ ಕೇಳಿದರು.

"ಆಕಿನ ಒಪ್ಕೊಂಡಾಳಲ್ರಿ" ಎಂದ ಗುರುಶಾಂತ. ಸುಳ್ಳೇನೂ ಹೇಳಿದಂತಾಗಲಿಲ್ಲ. ತಾಯಿ ಪಕ್ಕದಲ್ಲಿ ಕುರ್ಚಿಯ ಹಿಡಿ ಸವರುತ್ತಿದ್ದಳು.

ಸರ ಸಿಕ್ಕಿತ್ತು. ಮದುವೆಯಾಗಿ ವರ್ಷದ ಮೇಲೆ, ದೀಪಾವಳಿಗೆ ಟ್ರಂಕು ಬಿಚ್ಚಿದಾಗ ಬಸಲಿಂಗವ್ವನದೇ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತ್ತು. ಕಳೆಯಬಾರದೆಂದು ತಾನೇ ಅಲ್ಲಿಟ್ಟು ಮರೆತಿದ್ದಳು. ಮಗನನ್ನು ಕರೆದು ತೋರಿಸಿದಳು. ಇಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಸೊಸೆ ಎಲ್ಲರ ಮುಂದೆ ಒಪ್ಪಿಕೊಂಡಾಗಿದೆ, ತಾವು ಎಲ್ಲರ ಮುಂದೆ ಕ್ಷಮಿಸಿ ದೊಡ್ಡವರಾಗಿದ್ದೂ ಆಗಿದೆ, ಮುಗಿದ ಮಾತನ್ನು ಮತ್ತೆ ಯಾಕೆ ಎತ್ತುವುದು ಎಂದು ತೀರ್ಮಾನವಾಯಿತು. ಅವಳೇಕೆ ಒಪ್ಪಿಕೊಂಡಳು ಎಂದು ಗುರುಶಾಂತ ಆಗ ಒಂದು ಗಳಿಗೆ ಯೋಚಿಸಿದ್ದ. ಮದುವೆ ಮನೆಯ ಮಾನ ಉಳಿಸಲು ಮೈಮೇಲೆ ಹಾಕಿಕೊಂಡಳು, ಅಷ್ಟು ದೊಡ್ಡ ಮನಸ್ಸು ಅವಳದು ಎಂದು ಅಂದುಕೊಂಡ. ಮನಸ್ಸಿಗೆ ಸಮಾಧಾನವೂ ಆಯಿತು. ಪೂರ್ತಿ ಸಮಾಧಾನವಾಗಲಿ ಎಂದು ಬಸಲಿಂಗವ್ವ ಸರ ಕರಗಿಸಿ, ಅದೇ ಬಂಗಾರದಲ್ಲಿ ಸೊಸೆಗೆ ಒಂದು ಜೊತೆ ಪಾಟ್ಲಿ ಬಳೆ ಮಾಡಿಸಿ ತೊಡಿಸಿದಳು. ಓಣಿಯವರೆಲ್ಲ ಅತ್ತೆ ಅಂದರೆ ಹೀಗಿರಬೇಕು ಅಂದರು.

ಆಪರೇಷನ್ ದಿನ ಬೆಳಗ್ಗೆ ನರ್ಸು ಮೈಮೇಲಿನ ಬಂಗಾರವನ್ನೆಲ್ಲ ತೆಗೆಸಿ ಗುರುಶಾಂತನ ಕೈಗೆ ಕೊಟ್ಟಳು. ತಾಳಿ, ಬೆಂಡೋಲೆ ಕರವಸ್ತ್ರದಲ್ಲಿ ಕಟ್ಟಿದ. ಪಾಟ್ಲಿ ಅದರಲ್ಲಿ ಹಿಡಿಯಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡ.

ಅವನನ್ನು ಗಾಜಿನ ಆಚೆಯ ಕೋಣೆಯಲ್ಲಿ, ಮೈಕಿನ ಮುಂದೆ ಕೂರಿಸಿದರು. ಪರದೆಯೊಂದು ಅವನ ಎದುರಿಗೂ ಇತ್ತು. ಗಾಜಿನ ಈಚೆ ದಾಕ್ಷಾಯಣಿ ಹಸಿರು ಬಟ್ಟೆಯ ಕೆಳಗೆ ಮಗ್ಗುಲಾಗಿ ಮಲಗಿದ್ದಳು. ಇವನಿಗೆ ಕಾಣುತ್ತಿದ್ದದ್ದು ಅವಳ ಮುಖ ಮತ್ತು ಪಕ್ಕದಲ್ಲಿ ಕೂತ ಅಮೀನಾ. ಬಟ್ಟೆಯ ಆಚೆ ಪ್ರಭಂಜನರು ಜಾಳಿಗಿಯನ್ನು ಹಾಸಿದರು. ಪರದೆಯ ಮೇಲೆ ಮಿದುಳಿನ ಮಡಿಕೆಗಳು ಮೂಡಿದವು. ನಡುವೆ ಹುಣಸೆಬೀಜದಷ್ಟು ಅಗಲಕ್ಕೆ ಕೆಂಪು ಮಿನುಗುತ್ತಿತ್ತು. ಅವಳ ತಪ್ಪಾತುಗಳೆಲ್ಲ ಹುಟ್ಟಿದ ಜಾಗ ಅಷ್ಟೇ.

ಪರೀಕ್ಷೆಯ ನಡುವೆ ಫಿಟ್ಸ್ ಎದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಕೆಂಪು ಜಾಗದ ಮೇಲೆ ಐಸಿನಂಥ ತಣ್ಣನೆಯ ಸಲೈನ್ ಬಿಟ್ಟರು. ತಣ್ಣಗಾದ ಕೋಶಗಳು ಸ್ವಲ್ಪ ಹೊತ್ತು ಸದ್ದಡಗುತ್ತವೆ. ಕೆಂಪು ಮಸುಕಾಗಿ, ಆರಿತು. ಹುಟ್ಟಿದಾಗಿನಿಂದ ಮೊದಲ ಸಲ ದಾಕ್ಷಾಯಣಿಯ ತಲೆಯಲ್ಲಿ ಆ ನಡುಕ ಇರಲಿಲ್ಲ. ಹೇಗಿದೆ ಎಂದು ಅಮೀನಾ ಕೇಳಿದರು. ಮಿಕ್ಸರ್ ಬಂದಾದ ಮೇಲೆ ಅಡುಗೆಮನೆ ಇದ್ದ ಹಾಗಿದೆ ಎಂದಳು.

ಮೊದಲು ಅಮೀನಾ ಪ್ರಯತ್ನಿಸಿದರು. ಮದುವೆ, ಸರ, ಬೀಗರು, ಎಲ್ಲವನ್ನೂ ಹೇಳಿದರು. ಹಸಿರು ಏಳಲಿಲ್ಲ. ಪರಕೀಯರ ಬಾಯಲ್ಲಿ ಅದು ಬರೀ ಕತೆ, ತನ್ನವರೇ ಹೇಳಬೇಕು ಎಂದು ಅಮೀನಾ ಗಾಜಿನತ್ತ ಕೈ ಮಾಡಿದರು. ಗುರುಶಾಂತ ಮೈಕು ಹತ್ತಿರ ಎಳೆದುಕೊಂಡ. ಹೊತ್ತು ಹೋಗುತ್ತಿದೆ, ಸಲೈನಿನ ಆಟ ಬಹಳ ಹೊತ್ತು ನಡೆಯುವುದಿಲ್ಲ ಎಂದು ಪ್ರಭಂಜನರು ಎಚ್ಚರಿಸಿದರು.

"ದಾಕ್ಷಾಯಣಿ, ಆ ಗುಂಡಿನ ಸರ... ನೀ ತಗೊಂಡಿ. ಎಲ್ಲಾರ ಮುಂದ ನಮ್ಮ ಮಾನ ತಗದಿ" ಎಂದ.

ತನ್ನ ದನಿ ಆ ಕೋಣೆಯ ಸ್ಪೀಕರಿನಲ್ಲಿ ಗಟ್ಟಿಯಾಗಿ, ಥೇಟ್ ನ್ಯಾಯವಂತನ ದನಿಯ ಹಾಗೆ ಕೇಳಿದ್ದನ್ನು ಗುರುಶಾಂತ ಕೇಳಿಸಿಕೊಂಡ. ಪರದೆಯನ್ನು ನೋಡಿದ. ಎಲ್ಲೂ ಹಸಿರಿಲ್ಲ. ದಾಕ್ಷಾಯಣಿಯ ಕೈ ಸೆರಗು ಹುಡುಕಲಿಲ್ಲ. ಅವಳು ಸ್ಪೀಕರು ಇದ್ದ ದಿಕ್ಕಿಗೆ ಕಣ್ಣು ಹೊರಳಿಸಿದಳು.

"ನಾ ತಗೊಂಡಿಲ್ರಿ" ಎಂದಳು. ಸಿಟ್ಟಿರಲಿಲ್ಲ. "ಅದು ನಿಮಗೂ ಗೊತ್ತೈತಿ, ಅತ್ತಿಗೂ ಗೊತ್ತೈತಿ. ಪಾಟ್ಲಿ ಮಾಡಿದ ಪತ್ತಾರ ಸರದಾಗಿನ ಒಂದು ಗುಂಡು ಉಳದೈತಿ ಅಂತ ನನ್ನ ಕೈಯಾಗ ಕೊಟ್ಟಾನ. ಕೇಳಬೇಕು, ಕೇಳಬೇಕು ಅಂತ ಎಷ್ಟು ಸರ್ತಿ ನಿಮ್ಮ ಮುಂದ ಬಂದು ನಿಂತೀನಿ. ಬಾಯಿ ತಗದ್ರ ಅದ ಬರತಿತ್ತು. ನೀವು ಹೋಗ್ಲಿ ಬಿಡು ಅಂತಿದ್ರಿ."

ಅಮೀನಾ ತಲೆ ತಗ್ಗಿಸಿದರು. ಅವಳ ಮೇಲೆ ಆ ಮಾತು ಎಸೆಯಲು ಮೊದಲು ಹೊರಟದ್ದು ತಾವು. ನರ್ಸು ಒಬ್ಬಳು ಈಗಾಗಲೇ ಒರೆಸಿದ್ದ ತಟ್ಟೆಯನ್ನು ಮತ್ತೆ ಒರೆಸಿದಳು. ಯಾರೂ ಗಾಜಿನತ್ತ ನೋಡಲಿಲ್ಲ. ನೋಡಿದ್ದರೆ ಗುರುಶಾಂತನಿಗೆ ಬೈಸಿಕೊಂಡ ಹಾಗಾದರೂ ಆಗುತ್ತಿತ್ತು. ಅವನು ಎದ್ದು ಹೋಗಲೂ ಆಗದೆ, ಕೂರಲೂ ಆಗದೆ, ಕಿಸೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತ. ಅವನ ಮಿದುಳಿನ ಮೇಲೆ ಯಾವ ಜಾಳಿಗಿಯೂ ಇರಲಿಲ್ಲ. ಇದ್ದಿದ್ದರೆ ಪರದೆಯ ತುಂಬ ಹಸಿರೇ ಆಗುತ್ತಿತ್ತು.

ಕೆಲಸ ಮಾತ್ರ ಆಗಿರಲಿಲ್ಲ. ಹಸಿರು ಸಿಗದೆ ಕೊಯ್ಯುವಂತಿಲ್ಲ, ಕೆಂಪಿನ ಅಂಚು ಮತ್ತೆ ಮಿನುಗತೊಡಗಿತ್ತು. ಮತ್ತೊಮ್ಮೆ ಸಲೈನ್ ಬಿಟ್ಟರು. ಅಮೀನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇನ್ನು ತಾವು ಏನೂ ಹೇಳುವುದಿಲ್ಲ, ನಾಚಿಕೆಯಿಂದ ಒಂದು ಕೆಲಸವಿದೆ ಅಂದಿದ್ದಿರಲ್ಲ, ಅದು ಏನು ಎಂದು ನೀವೇ ಹೇಳಿ ಎಂದು ಕೇಳಿಕೊಂಡರು.

ದಾಕ್ಷಾಯಣಿಯ ಕಣ್ಣಿನಿಂದ ನೀರು ಮೂಗಿನ ಮೇಲೆ ಹಾದು ಆಚೆ ಇಳಿಯಿತು.

"ಅವತ್ತ ಮದವಿಗೆ ನಮ್ಮವ್ವ ಬಂದಿದ್ಲರಿ. ಮಗಳು ಕಳವು ಮಾಡ್ಯಾಳ ಅಂತ ಕೇಳಿ, ಎಲ್ಲಾರ ಮುಂದ ನಮ್ಮತ್ತಿ ಕಾಲಿಗೆ ಬಿದ್ಲು. ಆಮ್ಯಾಲ ಚಪ್ಪಲಿ ಹುಡಿಕ್ಕೊಂಡು ಹೊಂಟ್ಲು. ಊಟ ಮಾಡಿರಲಿಲ್ಲ. ಬಸ್ ಸ್ಟ್ಯಾಂಡ್ ತನಕ ನಾ ಹೋಗಬೇಕಿತ್ತು. ಅಷ್ಟೊತ್ತಿಗೆ ಫಿಟ್ಸ್ ಇಳದಿತ್ರಿ ನನಗ, ಎಲ್ಲಾ ತಿಳೀತಿತ್ತು. ಬೀಗರು ಏನಂತಾರೋ ಅಂತ ನಾ ಹೋಳಿಗಿ ಬಡಸ್ಕೋತ ನಿಂತೆ. ಆಕಿ ಉಪಾಸ ಹೋದ್ಲು."

"ನಿಲ್ಲಿ" ಎಂದರು ಪ್ರಭಂಜನರು ಮೆಲ್ಲಗೆ. ಪರದೆಯ ಮೇಲೆ, ಕೆಂಪು ಇದ್ದ ಜಾಗದಿಂದ ಕಿರುಬೆರಳಿನ ಅಗಲದಷ್ಟು ಆಚೆ, ಮಿದುಳಿನ ಒಂದು ಮಡಿಕೆಯ ಉದ್ದಕ್ಕೂ ಹಸಿರು ಎದ್ದಿತ್ತು. ಅವಳು ಅಳುತ್ತಿದ್ದಷ್ಟು ಹೊತ್ತೂ ಅದು ನಿಂತೇ ಇತ್ತು. ನಡುವೆ ಯಾವ ಬಣ್ಣವೂ ಇಲ್ಲದ ಒಂದು ಸಣ್ಣ ಪಟ್ಟಿ ಖಾಲಿ ಉಳಿದಿತ್ತು. ಚಾಕು ಹೋಗಬೇಕಾದ ದಾರಿ ಅದು. ಗಡಿಗೆ ಗುರುತು ಹಾಕಿದರು. ಇನ್ನು ಸಾಕು ಎಂದು ಅಮೀನಾ ಅವಳ ಕೈ ಹಿಡಿದುಕೊಂಡರು. ಕೆಂಪನ್ನು ತೆಗೆದರು.

ದಾಕ್ಷಾಯಣಿ ಚೇತರಿಸಿಕೊಂಡು ಮನೆಗೆ ಬಂದಳು. ಫಿಟ್ಸ್ ಬರಲಿಲ್ಲ. ನೋಡಲು ಬಂದವರ ಮುಂದೆ ಅವಳು ತಲೆಗೆ ಕಟ್ಟಿದ ಬಟ್ಟೆಯಲ್ಲೇ ಕೂತು, ಅವರ ಕಣ್ಣು ನೋಡಿ ಮಾತಾಡಿದಳು. ಒಂದೆರಡು ದಿನ ಬಸಲಿಂಗವ್ವ ತಡೆದುಕೊಂಡಳು. ಆಮೇಲೆ ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಅವಳು ಹೇಳಿದ್ದು ಒಳಗೆ ಎಲ್ಲರಿಗೂ ಕೇಳಿಸಿತು: "ಬ್ಯಾನಿ ತಗದಾರಂತ, ಖರೆ. ಮರ್ಯಾದಿನೂ ಕೂಡಿ ಕೊಯ್ದಾರವಾ." ಕಟ್ಟೆಯ ಹೆಂಗಸರು ಅಯ್ಯೋ ಪಾಪ ಅಂದರು. ಗಾಜಿನ ಹಿಂದೆ ಏನು ನಡೆಯಿತು ಎಂದು ಮಗ ತಾಯಿಗೆ ಹೇಳಿರಲಿಲ್ಲ. ಹೇಳಲು ಎರಡು ಸಲ ಅಡುಗೆಮನೆಯ ಬಾಗಿಲ ತನಕ ಹೋಗಿ, ನೀರು ಕುಡಿದು ಬಂದಿದ್ದ.

ಹೆಂಡತಿಯ ಜೊತೆ ಅವನು ಬೆಕ್ಕಿನ ಹೆಜ್ಜೆಯಲ್ಲಿ ನಡೆಯುತ್ತಿದ್ದ. ಜಗಳ ಆಡುವ ಧೈರ್ಯವಿರಲಿಲ್ಲ. ಆದರೂ ಒಂದು ದಿನ ಅಂಗಡಿಯ ಬೀಗದ ಕೈ ಸಿಗದೆ ಹಳೆಯ ರೂಢಿಯಲ್ಲಿ ರೇಗಿದ. ರೇಗಿ, ಅದೇ ರೂಢಿಯಲ್ಲಿ ಆ ಮಾತಿಗಾಗಿ ಕಾದ. ದಾಕ್ಷಾಯಣಿ ಅಕ್ಕಿ ಆರಿಸುತ್ತಿದ್ದವಳು, ಬೀಗದ ಕೈ ನಿಮ್ಮ ಪ್ಯಾಂಟಿನಲ್ಲೇ ಇದೆ ಎಂದು ಹೇಳಿ ಮತ್ತೆ ಅಕ್ಕಿ ಆರಿಸಿದಳು. ಇದ್ದದ್ದು ಅಲ್ಲೇ. ಮನೆಯಲ್ಲಿ ಹಿಂದೆಂದೂ ಇರದಂಥ ಒಂದು ಮೌನ ಉಳಿಯಿತು. ಅದನ್ನು ತುಂಬಬೇಕಾದವನು ತಾನು ಎಂದು ಗುರುಶಾಂತನಿಗೆ ತಿಳಿಯಿತು, ತುಂಬುವುದು ಹೇಗೆ ಎಂದು ತಿಳಿಯಲಿಲ್ಲ. ಬೀಗದ ಕೈ ಹಿಡಿದು ಹೊರಟುಹೋದ.

ಆ ಸಂಜೆ ತಾಳಿ, ಬೆಂಡೋಲೆ ಇಟ್ಟಿದ್ದ ಕರವಸ್ತ್ರವನ್ನೂ ಪಾಟ್ಲಿಗಳನ್ನೂ ತಂದು ಅವಳ ಮುಂದಿಟ್ಟ. ತಾಳಿ ಹಾಕಿಕೊಂಡಳು, ಬೆಂಡೋಲೆ ಹಾಕಿಕೊಂಡಳು. ಪಾಟ್ಲಿಗಳನ್ನು ತಿರುಗಿಸಿ ನೋಡಿ ಅವನ ಕೈಗೇ ಕೊಟ್ಟಳು.

"ಇವು ನಿಮ್ಮ ಕಿಸೆದಾಗ ಇರ್ಲಿ. ಸ್ವಾಮಾರ ನರಗುಂದಕ ಹೋಗೂಣ" ಎಂದಳು. ಆ ಕೆಲಸ ಅಂದರೆ ಇದೇ ಎಂದು ಅವನು ಕೇಳದೆಯೇ ತಿಳಿದುಕೊಂಡ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮಡಿಲಲ್ಲಿ ಡಬ್ಬಿಯೊಂದಿತ್ತು, ಬೆಳಗ್ಗೆ ತಾನೇ ಮಾಡಿದ ಹೋಳಿಗೆ. ನವಲಗುಂದ ದಾಟುವ ತನಕ ಗುರುಶಾಂತ ಮನಸ್ಸಿನಲ್ಲೇ ಮಾತು ಜೋಡಿಸಿದ. ಸರ ಸಿಕ್ಕಿತು ಎಂದು ಶುರು ಮಾಡುವುದೋ, ಯಾವಾಗ ಸಿಕ್ಕಿತು ಎಂದು ಕೇಳಿದರೆ ಏನು ಹೇಳುವುದೋ, ಅವ್ವ ಮರೆತಿದ್ದಳು ಎಂದರೆ ತಾಯಿಯ ಮೇಲೆ ಹಾಕಿದಂತಾಗುತ್ತದೆಯೋ. ಹೇಗೆ ಜೋಡಿಸಿದರೂ ಮಾತಿನಲ್ಲಿ ತನಗೊಂದು ಮೂಲೆ ಉಳಿಸಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ಕಂಡಿತು, ಕಂಡು ಮೈ ಹಿಡಿಯಾಯಿತು. ಪಕ್ಕದವಳನ್ನು ನೋಡಿದ. ಅವಳ ಮುಖದಲ್ಲೂ ನಾಚಿಕೆ ಇತ್ತು, ಕೆಂಪೇರದ, ಸೆರಗು ಬೇಡದ ನಾಚಿಕೆ. ಅದನ್ನು ಹೊತ್ತುಕೊಂಡು ಅವಳು ನೆಟ್ಟಗೆ ಕೂತಿದ್ದಳು.

ಅವಳ ತಾಯಿ ನಿಂಗವ್ವ ಹೊಸ್ತಿಲ ಬಳಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅಂಗಳಕ್ಕೆ ಬಂದವರು ಯಾರು ಎಂದು ಮೊದಲು ಗೊತ್ತಾಗಲಿಲ್ಲ. ಗೊತ್ತಾದಾಗ ಮೊರ ಬದಿಗಿಟ್ಟು ಎದ್ದಳು. ದಾಕ್ಷಾಯಣಿ ಹೋಗಿ ತಾಯಿಯ ಎರಡೂ ಕೈ ಹಿಡಿದು, ಅವತ್ತು ನೀನು ಉಪವಾಸ ಹೋದೆ, ನಾನು ನಿನ್ನ ಹಿಂದೆ ಬರಲಿಲ್ಲ, ತಪ್ಪು ನಂದು ಅಂದಳು. ಅಂದು, ಅತ್ತಳು. ಅವಳು ಬಂದ ಕೆಲಸ ಅಷ್ಟೇ ಇತ್ತು, ಅದನ್ನು ಅವಳು ಮುಗಿಸಿದಳು.

ಮುದುಕಿಗೆ ಮಗಳ ಮಾತು ಪೂರ್ತಿ ಕಿವಿಗೆ ಬಿತ್ತೋ ಇಲ್ಲವೋ. ಅವಳ ಕಣ್ಣು ಮಗಳ ಹೆಗಲ ಮೇಲಿಂದ ಅಂಗಳದಲ್ಲಿ ನಿಂತ ಅಳಿಯನನ್ನು ನೋಡುತ್ತಿತ್ತು. ಇಷ್ಟು ವರ್ಷದ ಮೇಲೆ ಬಂದಿದ್ದಾನೆ. ಮತ್ತೇನು ಕಳೆದಿದೆಯೋ ಎಂಬ ಹೆದರಿಕೆ ಆ ಮುಖದಲ್ಲಿತ್ತು. ಮಗಳ ಕೈ ಬಿಡಿಸಿಕೊಂಡು, ಮೆಣಸಿನಕಾಯಿಯ ಘಾಟಿನ ಕೈಗಳನ್ನು ಜೋಡಿಸಿ, ಅವನ ಕಾಲಿನತ್ತ ಬಗ್ಗತೊಡಗಿದಳು.

"ನಮ್ಮ ಹುಡಗಿದು ತಪ್ಪಾತ್ರಿ ಅಳಿಯಂದ್ರ. ದೊಡ್ಡ ಮನಸ್ಸು ಮಾಡಿ ಆಕಿನ್ನ ಇಟ್ಕೊಂಡೀರಿ, ತಪ್ಪಾತ್ರಿ..."

ದಾಕ್ಷಾಯಣಿ ಬಂದು ಅವಳ ತೋಳು ಹಿಡಿದು ಎತ್ತಿ ನಿಲ್ಲಿಸಿದಳು.

"ತಡಿಯವ್ವ. ಅವರು ನಿನಗ ಏನೋ ಹೇಳಾಕ ಬಂದಾರ."

ಇಬ್ಬರೂ ಅವನತ್ತ ತಿರುಗಿ ನಿಂತರು. ಗುರುಶಾಂತ ಕಿಸೆಯಿಂದ ಪಾಟ್ಲಿಗಳನ್ನು ತೆಗೆದ. ಬಾಯಿ ತೆರೆದ. ಬಸ್ಸಿನಲ್ಲಿ ಜೋಡಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. ತನ್ನ ಮನೆಯಲ್ಲಿ ದಿನ ಬೆಳಗಾದರೆ ಕೇಳುತ್ತಿದ್ದ ಆ ಒಂದು ಮಾತು ಸಾಕಿತ್ತು. ತುಟಿ ಕೂಡಿತು, ಬಿಟ್ಟಿತು. ಮುದುಕಿ ಇನ್ನೂ ಕೈ ಜೋಡಿಸಿಕೊಂಡೇ ಕಾಯುತ್ತಿದ್ದಳು. ಆ ಮಾತು ತಾನಾಗಿ ಬಾಯಿಗೆ ಬರುವ ಕಾಯಿಲೆ ಅವನಿಗಿರಲಿಲ್ಲ.